ಡಬ್ಬಿಯ ಒಳತುಂಡು ಹೊರಗೇ ಬರುತ್ತಿಲ್ಲ, ಸ್ಕ್ರೋಲ್ ಸಾ ಬದಲಿಸಬೇಕಾ?

ಓದುಗರ ಪ್ರಶ್ನೆ: ಒಂದು ವರ್ಷದಿಂದ ಬಿಡುವಿದ್ದಾಗ ಸ್ಕ್ರೋಲ್ ಸಾದಲ್ಲಿ (ತೆಳು ಬ್ಲೇಡು ಮೇಲೆ ಕೆಳಗೆ ಓಡಾಡುವ ಗರಗಸದ ಮಿಷನ್) ಕೆಲಸ ಮಾಡುತ್ತಿದ್ದೇನೆ. ಕೀಚೈನ್, ಹೆಸರಿನ ಫಲಕ, ಗೋಡೆಗೆ ತೂಗುಹಾಕುವ ಚಿತ್ರ ಎಲ್ಲ ಚೆನ್ನಾಗಿಯೇ ಬಂದವು. ಈಗ ಎಲೆಯ ಆಕಾರದ ಮರದ ಡಬ್ಬಿ ಮಾಡಲು ಹೊರಟು ಮೂರನ್ನು ಹಾಳು ಮಾಡಿದ್ದೇನೆ. 40 ಮಿ.ಮೀ. ದಪ್ಪದ ತೇಗದ ತುಂಡು, 2ನೇ ನಂಬರಿನ ಸಣ್ಣ ಬ್ಲೇಡು. ಮೇಲೆ ಗೆರೆ ಬಿಡದೆ ಕೊಯ್ದಿದ್ದೇನೆ, ತಿರುವಿ ನೋಡಿದರೆ ಕೆಳಗಿನ ಆಕಾರವೇ ಬೇರೆ. ಡಬ್ಬಿ ಟೊಳ್ಳಾಗಲು ನಡುವಿನಿಂದ ಕೊಯ್ದ ಒಳತುಂಡು ಮೇಲಕ್ಕೂ ಬರಲ್ಲ, ಕೆಳಕ್ಕೂ ಬರಲ್ಲ. ಸುತ್ತಿಗೆಯಲ್ಲಿ ತಟ್ಟಿದರೆ ಒಂದರ ಗೋಡೆಯೇ ಸೀಳಿತು. ಕೊಯ್ದ ಜಾಗ ಸುಟ್ಟು ಕಪ್ಪಾಗುತ್ತದೆ, ಒಂದು ಡಬ್ಬಿಗೆ ಐದಾರು ಬ್ಲೇಡು ಮುರಿಯುತ್ತವೆ. ಹೇಗೋ ಮುಗಿಸಿದ ಒಂದರ ಮುಚ್ಚಳ ಎರಡೇ ವಾರದಲ್ಲಿ ದೋಣಿಯ ಹಾಗೆ ಬಾಗಿ ಈಗ ಕೂರುವುದೇ ಇಲ್ಲ. ಗಟ್ಟಿಯಾಗಲಿ ಅಂತ ಮುಚ್ಚಳದ ಅಡಿತುಂಡನ್ನು (ಡಬ್ಬಿಯ ಬಾಯೊಳಗೆ ಕೂರುವ ತುಂಡು) ಮರದ ಎಳೆ, ಅಂದರೆ ನಾರು, ಅಡ್ಡ ಬರುವಂತೆ ಅಂಟಿಸಿದ್ದೆ, ಹೊರಗಡೆ ಮೂರು ಕೋಟು ಪಾಲಿಶ್ ಕೂಡ ಕೊಟ್ಟಿದ್ದೆ. ಗೆಳೆಯರೊಬ್ಬರು "ಮಿಷನ್ ಚಿಕ್ಕದಾಯ್ತು, ದೊಡ್ಡದು ತಗೋ" ಅನ್ನುತ್ತಾರೆ. ಇನ್ನೊಬ್ಬರು "ಸ್ಪೀಡ್ ಫುಲ್ ಇಡು" ಅನ್ನುತ್ತಾರೆ. ನನಗೋ ನನ್ನ ಕೈಯೇ ಸರಿಯಿಲ್ಲ ಅನಿಸುತ್ತಿದೆ, ನೇರ ಗೆರೆ ಕೊಯ್ದರೂ ಬಲಕ್ಕೆ ಎಳೆದುಕೊಂಡು ಹೋಗುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಕೈ ಸರಿಯಾಗಿಯೇ ಇದೆ. ಬಲಕ್ಕೆ ಎಳೆಯುವುದು ಬ್ಲೇಡು. ಈ ಬ್ಲೇಡುಗಳಿಗೆ ಹಲ್ಲು ಕತ್ತರಿಸುವಾಗ ಒಂದು ಬದಿಯಲ್ಲಿ ಸಣ್ಣ ಮುಳ್ಳಿನಂಥ ಅಂಚು ಉಳಿದುಬಿಡುತ್ತದೆ. ಆ ಬದಿ ಇನ್ನೊಂದಕ್ಕಿಂತ ಜಾಸ್ತಿ ಕೊಯ್ಯುತ್ತದೆ, ಹಾಗಾಗಿ ಬ್ಲೇಡು ಆ ಕಡೆಗೇ ವಾಲುತ್ತದೆ. ಬಹಳ ವರ್ಷ ಈ ಕೆಲಸ ಮಾಡಿದವರು ಯಾರೂ ಮರವನ್ನು ನೆಟ್ಟಗೆ ತಳ್ಳುವುದಿಲ್ಲ, ನಾಲ್ಕೈದು ಡಿಗ್ರಿ ಓರೆಯಾಗಿ ಹಿಡಿದು ತಳ್ಳುತ್ತಾರೆ, ಅದು ಅವರಿಗೇ ಗೊತ್ತಾಗದಷ್ಟು ರೂಢಿಯಾಗಿರುತ್ತದೆ. ಬೇಡದ ಹಲಗೆಯ ಮೇಲೆ ಹತ್ತು ನೇರ ಗೆರೆ ಎಳೆದು ಕೊಯ್ದು ನೋಡಿ. ಎಷ್ಟು ಓರೆ ಬೇಕು ಅನ್ನೋದು ಕೈಗೆ ತಾನಾಗಿಯೇ ಸಿಗುತ್ತದೆ. ಬ್ಲೇಡಿನ ಕಂಪನಿ ಬದಲಾದರೆ ಆ ಓರೆಯೂ ಸ್ವಲ್ಪ ಬದಲಾಗುತ್ತದೆ, ಆಗ ಗಾಬರಿ ಬೀಳಬೇಡಿ.

ಇನ್ನು ಡಬ್ಬಿಯ ವಿಷಯ. ಕೀಚೈನ್ ಚೆನ್ನಾಗಿ ಬಂದು ಡಬ್ಬಿ ಕೆಟ್ಟಿತು ಅಂದರೆ ನಡುವೆ ಬದಲಾಗಿದ್ದು ಒಂದೇ, ದಪ್ಪ. ಸ್ಕ್ರೋಲ್ ಸಾದ ಬ್ಲೇಡು ಅಂದರೆ ಎರಡು ತುದಿಯಲ್ಲಿ ಹಿಡಿದ ಒಂದು ತೆಳು ಉಕ್ಕಿನ ಪಟ್ಟಿ, ಅಷ್ಟೇ. 6 ಮಿ.ಮೀ. ಹಲಗೆಯಲ್ಲಿ ಅದು ಬಾಗಿದರೂ ನಿಮಗೆ ಕಾಣುವುದಿಲ್ಲ. 40 ಮಿ.ಮೀ. ಮರದಲ್ಲಿ ನೀವು ಹಿಂದಿನಿಂದ ಒತ್ತಿದ ತಕ್ಷಣ ಅದು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತದೆ, ತಿರುವಿನಲ್ಲಿ ಬದಿಗೂ ಬಾಗುತ್ತದೆ. ನೀವು ನೋಡುತ್ತಿರುವುದು ಮೇಲಿನ ಗೆರೆ. ಮರದ ಹೊಟ್ಟೆಯಲ್ಲಿ ಬ್ಲೇಡು ಇನ್ನೆಲ್ಲೋ ಹೋಗುತ್ತಿರುತ್ತದೆ.

ಇದರ ಜೊತೆ ಇನ್ನೊಂದು ಸಂಗತಿ ಇದೆ, ಇದನ್ನು ಹೇಳುವವರು ಕಡಿಮೆ. ಹೆಚ್ಚಿನ ಸ್ಕ್ರೋಲ್ ಸಾಗಳಲ್ಲಿ ಬ್ಲೇಡು ಮೇಲೆ ಕೆಳಗೆ ಓಡಾಡುವ ದೂರ ಸುಮಾರು 19 ಮಿ.ಮೀ. ನಿಮ್ಮ ಮರ 40 ಮಿ.ಮೀ. ಅಂದರೆ ಮರದ ನಡುಭಾಗದಲ್ಲಿರುವ ಹಲ್ಲುಗಳು ಮೇಲಿನಿಂದಲೂ ಹೊರಗೆ ಬರುವುದಿಲ್ಲ, ಕೆಳಗಿನಿಂದಲೂ ಬರುವುದಿಲ್ಲ. ಕೊಯ್ದ ಪುಡಿಯನ್ನು ಬಾಯಲ್ಲಿಟ್ಟುಕೊಂಡು ಅಲ್ಲೇ ಉಜ್ಜುತ್ತಾ ಇರುತ್ತವೆ. ಪುಡಿಗೆ ಹೋಗಲು ದಾರಿಯಿಲ್ಲ, ಉಜ್ಜಿದ್ದಕ್ಕೆ ಬಿಸಿ, ಬಿಸಿಗೆ ಮರ ಕಪ್ಪು, ಬ್ಲೇಡು ಮೊಂಡು. ಮೊಂಡಾದ ಮೇಲೆ ನೀವು ಇನ್ನೂ ಜೋರಾಗಿ ಒತ್ತುತ್ತೀರಿ, ಅದು ಇನ್ನೂ ಬಾಗಿ ಕೊನೆಗೆ ಮುರಿಯುತ್ತದೆ. ನೀವು ಬರೆದ ಸುಟ್ಟ ಕಲೆ, ಮುರಿದ ಬ್ಲೇಡು, ಸೊಟ್ಟ ಗೋಡೆ ಮೂರೂ ಒಂದೇ ರೋಗದ ಲಕ್ಷಣ. ಅದರ ಮೇಲೆ ತೇಗ ಬೇರೆ. ತೇಗದಲ್ಲಿ ಸಿಲಿಕಾ ಇರುತ್ತದೆ, ಅಂದರೆ ಮರಳಿನ ಅಂಶ. ಎಂಥ ಬ್ಲೇಡನ್ನಾದರೂ ಬೇಗ ಮೊಂಡು ಮಾಡುತ್ತದೆ.

ಆದರೂ ಬ್ಲೇಡಿನ ಮೇಲೆ ಎಲ್ಲ ತಪ್ಪು ಹೊರಿಸುವ ಮುಂಚೆ ಟೇಬಲ್, ಅಂದರೆ ಮಿಷನ್ನಿನಲ್ಲಿ ಮರ ಇಟ್ಟು ಕೊಯ್ಯುವ ತಟ್ಟೆ, ನೋಡಲೇಬೇಕು. ಒಂದು ಸುಲಭದ ಗುರುತು ಹೇಳುತ್ತೇನೆ. ಒಳತುಂಡು ಒಂದು ಕಡೆಯಿಂದ ಮಾತ್ರ ಸಲೀಸಾಗಿ ಬಂದು ಇನ್ನೊಂದು ಕಡೆ ಸಿಕ್ಕಿಕೊಂಡರೆ ಟೇಬಲ್ ವಾಲಿದೆ, ತುಂಡು ಹೂಕುಂಡದ ಆಕಾರಕ್ಕೆ ಬಂದಿದೆ. ಎರಡೂ ಕಡೆಯಿಂದ ಬರದಿದ್ದರೆ ಬ್ಲೇಡು ಬಾಗಿದೆ. ನಿಮ್ಮದು ಎರಡನೆಯದು. ಹಾಗಂತ ಮೊದಲನೆಯದು ಇಲ್ಲವೇ ಇಲ್ಲ ಅಂತ ಹೇಳಲಾಗದು, ಎರಡೂ ಒಟ್ಟಿಗೆ ಇರಬಹುದು. ಲೆಕ್ಕ ನೋಡಿ, 1 ಡಿಗ್ರಿ ವಾಲಿದ್ದರೂ 40 ಮಿ.ಮೀ. ಕೆಳಗೆ 0.7 ಮಿ.ಮೀ. ತಪ್ಪಿರುತ್ತದೆ. ನಿಮ್ಮ ಬ್ಲೇಡು ಕೊಯ್ಯುವ ಸೀಳು ಅರ್ಧ ಮಿ.ಮೀ. ಕೂಡ ಇಲ್ಲ. ತುಂಡು ಹೇಗೆ ಜಾರಬೇಕು ಹೇಳಿ!

ಟೇಬಲ್ಲಿನ ಕೆಳಗಿರುವ ಡಿಗ್ರಿ ಸ್ಕೇಲನ್ನು ನಂಬಬೇಡಿ. ಹೊಸ ಮಿಷನ್ನಿನಲ್ಲೂ ಅದು ಅಂದಾಜಿಗೆ ಮಾತ್ರ. ಚಿಕ್ಕ ಮೂಲೆಮಟ್ಟ ಇಟ್ಟು ನೋಡಬಹುದು, ಆದರೆ ನಾನು ಮಾಡುವುದು ಬೇರೆ. ದಪ್ಪನೆಯ ಬೇಡದ ಮರದ ತುಂಡೊಂದನ್ನು ತೆಗೆದುಕೊಂಡು ಅದರ ಅಂಚಿಗೆ ಎರಡು ಮಿ.ಮೀ. ಒಳಕ್ಕೆ ಸಣ್ಣ ಸೀಳು ಹಾಕಿ. ಮಿಷನ್ ನಿಲ್ಲಿಸಿ. ಈಗ ಅದೇ ತುಂಡನ್ನು ಮಗುಚದೆ, ಟೇಬಲ್ ಮೇಲೇ ಜಾರಿಸಿ ಬ್ಲೇಡಿನ ಹಿಂದಕ್ಕೆ ತಂದು, ಆ ಸೀಳನ್ನು ಬ್ಲೇಡಿನ ಬೆನ್ನಿಗೆ ಹೊಂದಿಸಿ ನೋಡಿ. ಉದ್ದಕ್ಕೂ ಸರಾಗವಾಗಿ ಕೂತರೆ ಟೇಬಲ್ ನೆಟ್ಟಗಿದೆ. ಮೇಲೆ ಕೂತು ಕೆಳಗೆ ಕೂರದಿದ್ದರೆ ಟೇಬಲ್ ವಾಲಿದೆ, ಮತ್ತು ಕಾಣುವ ತಪ್ಪು ನಿಜವಾದ ತಪ್ಪಿನ ಎರಡರಷ್ಟು, ಅದಕ್ಕೇ ಕಣ್ಣಿಗೆ ಬೇಗ ಬೀಳುತ್ತದೆ. ಎರಡು ನಿಮಿಷದ ಕೆಲಸ. ಪ್ರತಿ ಡಬ್ಬಿಗೂ ಮುಂಚೆ ಮಾಡುತ್ತೇನೆ.

ಈಗ ಗೆಳೆಯರ ಸಲಹೆಗೆ ಬರೋಣ. ದೊಡ್ಡ ಮಿಷನ್ ಅಂದರೆ ಅದರ ತೋಳು ಉದ್ದ ಇರುತ್ತದೆ, ಅಗಲವಾದ ಹಲಗೆ ತಿರುಗಿಸಬಹುದು. ದಪ್ಪದ ಮಿತಿ ಮಾತ್ರ ಹೆಚ್ಚಿನವುಗಳಲ್ಲಿ ಸುಮಾರು 50 ಮಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ, ಬ್ಲೇಡೂ ಅದೇ 5 ಇಂಚಿನದ್ದು. ಒಳ್ಳೆಯ ಮಿಷನ್ನಿನಲ್ಲಿ ಅದುರುವುದು ಕಡಿಮೆ, ಬ್ಲೇಡು ಬದಲಿಸುವುದು ಸಲೀಸು, ಅದು ನಿಜವಾದ ಸುಖವೇ. ಆದರೆ ನಿಮ್ಮ ಈಗಿನ ತೊಂದರೆ ಅದರಲ್ಲೂ ಹಾಗೇ ಬರುತ್ತದೆ. ಟೇಬಲ್ ಬಿಗಿ ಮಾಡಿದರೂ ಜಾರುತ್ತಿದ್ದರೆ, ತೋಳುಗಳು ಸವೆದು ಬ್ಲೇಡು ಓಲಾಡುತ್ತಿದ್ದರೆ ಆಗ ಬದಲಿಸುವ ಯೋಚನೆ ಮಾಡಿ. ಕೆಲವರು ಬ್ಯಾಂಡ್ ಸಾ (ಬಳೆಯ ಹಾಗೆ ಮುಚ್ಚಿದ ಬ್ಲೇಡು ಸುತ್ತುವ ಗರಗಸ) ತಗೊಳ್ಳಿ ಅಂತಲೂ ಹೇಳಿಯಾರು. ಅದು ದಪ್ಪ ಮರಕ್ಕೆ ಹೇಳಿ ಮಾಡಿಸಿದ್ದು ಹೌದು, ಆದರೆ ಒಳಗಿನ ರಂಧ್ರ ಕೊಯ್ಯಬೇಕಾದರೆ ಗೋಡೆ ಸೀಳಿಕೊಂಡೇ ಒಳಗೆ ಹೋಗಬೇಕು, ಆಮೇಲೆ ಆ ಸೀಳನ್ನು ಅಂಟಿಸಬೇಕು. ಡ್ರಿಲ್ಲಿನ ತೂತಿನಲ್ಲಿ ಬ್ಲೇಡು ತೂರಿಸಿ ಗೋಡೆ ಮುಟ್ಟದೆ ಒಳಗೆ ಕೊಯ್ಯುವುದು ಸ್ಕ್ರೋಲ್ ಸಾದ ಹೆಚ್ಚುಗಾರಿಕೆ.

ಫುಲ್ ಸ್ಪೀಡ್ ಮಾತಂತೂ ನಿಮ್ಮ ವಿಷಯದಲ್ಲಿ ಉಲ್ಟಾ. ತೆಳು ಪ್ಲೈವುಡ್ಡಿನಲ್ಲಿ ಜೋರು ವೇಗಕ್ಕೆ ಅಂಚು ನುಣ್ಣಗೆ ಬರುತ್ತದೆ, ಹಾಗಾಗಿ ಆ ಮಾತು ಹುಟ್ಟಿರಬೇಕು. ದಪ್ಪ ಗಟ್ಟಿ ಮರದಲ್ಲಿ ವೇಗ ಜಾಸ್ತಿ ಆದಷ್ಟೂ ಉಜ್ಜುವುದು ಜಾಸ್ತಿ, ಸುಡುವುದು ಜಾಸ್ತಿ. ನಡುವಿನ ವೇಗ ಇಡಿ. ಮರದ ಮೇಲೆ ಅಗಲವಾದ ಪಾರದರ್ಶಕ ಪ್ಯಾಕಿಂಗ್ ಟೇಪ್ ಅಂಟಿಸಿ ಅದರ ಮೇಲಿನಿಂದಲೇ ಕೊಯ್ಯಿರಿ. ಸುಡುವುದು ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಕೇಳಿದರೆ ತಮಾಷೆ ಅನಿಸುತ್ತದೆ, ನಾನೂ ಮೊದಲು ನಂಬಿರಲಿಲ್ಲ.

"ನಾಜೂಕು ಕೆಲಸಕ್ಕೆ ನಾಜೂಕು ಬ್ಲೇಡು" ಅನ್ನೋದು ಇನ್ನೊಂದು ತಪ್ಪು ಕಲ್ಪನೆ, ನೀವು 2ನೇ ನಂಬರ್ ಹಾಕಿದ್ದೂ ಅದಕ್ಕೇ ಅಲ್ವಾ? ಬ್ಲೇಡು ಆರಿಸಬೇಕಾದ್ದು ಮೊದಲು ದಪ್ಪ ನೋಡಿ, ಆಮೇಲೆ ಚಿತ್ರ ನೋಡಿ. ನಂಬರ್ ಜಾಸ್ತಿ ಆದಷ್ಟೂ ಬ್ಲೇಡು ಅಗಲ. 18-20 ಮಿ.ಮೀ. ಗಟ್ಟಿ ಮರಕ್ಕೆ 5 ಅಥವಾ 7ನೇ ನಂಬರ್. 40 ಮಿ.ಮೀ.ಗೆ 9, ಬೇಕಾದರೆ 12. ಅಗಲ ಬ್ಲೇಡಿನಲ್ಲಿ ತೀರ ಚಿಕ್ಕ ತಿರುವು ಬರುವುದಿಲ್ಲ, ಆದರೆ ಡಬ್ಬಿಯ ಒಳಗೆ ಅಷ್ಟು ಚಿಕ್ಕ ತಿರುವು ಇರಲೂಬಾರದು, ಆಮೇಲೆ ಅಲ್ಲಿಗೆ ಉಪ್ಪು ಕಾಗದ ಹೋಗುವುದಿಲ್ಲ. ಹಲ್ಲುಗಳ ನಡುವೆ ಜಾಸ್ತಿ ಜಾಗ ಇರುವ ಸ್ಕಿಪ್ ಟೂತ್ ಬ್ಲೇಡು ತಗೊಳ್ಳಿ. ಕೆಳಗಿನ ಕೆಲವು ಹಲ್ಲು ಉಲ್ಟಾ ಇರುವ ಬ್ಲೇಡು ತೆಳು ಹಲಗೆಗೆ ಚೆಂದ, ಅಡಿಯ ಅಂಚು ಕೀಳುವುದಿಲ್ಲ. ದಪ್ಪ ಮರದಲ್ಲಿ ಮಾತ್ರ ಅದು ಪುಡಿಯನ್ನು ವಾಪಸ್ ಒಳಗೇ ಎಳೆದು ತರುತ್ತದೆ. ಬ್ಲೇಡನ್ನು ಮೀಟಿದರೆ ತಂಬೂರಿ ತಂತಿಯ ಹಾಗೆ ಸ್ಪಷ್ಟವಾಗಿ ಟಿಣ್ ಅನ್ನಬೇಕು. ಬೆರಳಲ್ಲಿ ಬದಿಗೆ ಒತ್ತಿದರೆ 3 ಮಿ.ಮೀ.ಗಿಂತ ಜಾಸ್ತಿ ಸರಿಯಬಾರದು. ಇನ್ನು ಮುರಿಯುವವರೆಗೂ ಕಾಯಬೇಡಿ. ತೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಕೊಯ್ದ ಮೇಲೆ ಒತ್ತಬೇಕು ಅನಿಸಿದರೆ ಆ ಬ್ಲೇಡಿನ ಕಥೆ ಮುಗಿಯಿತು ಅಂತ ತಿಳಿಯಿರಿ. ಮರ ಕೆಡಿಸುವುದಕ್ಕಿಂತ ಬ್ಲೇಡು ಎಸೆಯುವುದು ಲಾಭ.

ಹಾಗಾದರೆ ಡಬ್ಬಿ ಹೇಗೆ ಮಾಡುವುದು? ನಿಮಗೆ ನಾನು ಹೇಳುವುದು ಪದರದ ದಾರಿ. 40 ಮಿ.ಮೀ. ತುಂಡು ಬಿಟ್ಟು 18 ಮಿ.ಮೀ.ನ ಎರಡು ಹಲಗೆ ತಗೊಳ್ಳಿ. ಆಗ ಹೆಚ್ಚುಕಡಿಮೆ ಪ್ರತಿ ಹಲ್ಲೂ ಮೇಲೋ ಕೆಳಗೋ ಹೊರಗೆ ಬಂದು ಪುಡಿ ಉದುರಿಸಿ ಹೋಗುತ್ತದೆ. ಅದೇ ಮಿಷನ್, ಅದೇ ಕೈ, ಆದರೆ ಬೇರೆಯವರು ಮಾಡಿದ ಕೆಲಸದ ಹಾಗೆ ಕಾಣುತ್ತದೆ, ನೋಡಿ. ಮೊದಲ ಹಲಗೆಯ ಒಳಗಿನ ಆಕಾರ ಕೊಯ್ದು, ಅದನ್ನೇ ಅಚ್ಚಾಗಿಟ್ಟು ಎರಡನೆಯದರ ಮೇಲೆ ಪೆನ್ಸಿಲ್ ಗೆರೆ ಹಾಕಿ, ಗೆರೆಯ ಒಳಗಡೆಗೇ ಕೂದಲೆಳೆಯಷ್ಟು ಬಿಟ್ಟು ಕೊಯ್ಯಿರಿ. ಎರಡನ್ನೂ ಅಂಟಿಸಿ. ಒಣಗಿದ ಮೇಲೆ, ತಳ ಅಂಟಿಸುವ ಮುಂಚೆ, ಒಳಗಡೆ ಪೂರ್ತಿ ಉಜ್ಜಿ ನುಣ್ಣಗೆ ಮಾಡಿ. ತಳ ಕೂರಿಸಿದ ಮೇಲೆ ಒಳಮೂಲೆ ಉಜ್ಜುವುದು ಅಂದರೆ ಪ್ರಾಣಸಂಕಟ. ಹೊರಗಿನ ಆಕಾರವನ್ನು ಕೊನೆಗೆ ಕೊಯ್ಯಿರಿ, ಅಥವಾ ಪದರ ಅಂಟಿಸುವ ಮುಂಚೆಯೇ ಒಂದು ಮಿ.ಮೀ. ಹೆಚ್ಚು ಬಿಟ್ಟು ಕೊಯ್ದಿಡಿ. ಹೊರಗೆ ಸ್ವಲ್ಪ ಹೆಚ್ಚುಕಡಿಮೆ ಆದರೂ ಸ್ಯಾಂಡರ್ ಹಿಡಿದು ಸರಿ ಮಾಡಬಹುದು, ಜಾಗ ಬೇಕಾದಷ್ಟಿದೆ. ನಿಮ್ಮ ಜಾಣತನವೆಲ್ಲ ಒಳಗಿನ ಕೊಯ್ತಕ್ಕೆ ಮೀಸಲಿಡಿ.

ಪದರ ಅಂಟಿಸಿದರೆ ಬಿಟ್ಟುಹೋಗುತ್ತದೆ ಅಂತ ಹೆದರುವವರಿದ್ದಾರೆ. ಎಳೆಯ ದಿಕ್ಕು ಒಂದೇ ಇಟ್ಟು, ಮುಖಕ್ಕೆ ಮುಖ ಚೆನ್ನಾಗಿ ಕೂರುವಂತೆ ಅಂಟಿಸಿದರೆ ಪಕ್ಕದ ಮರ ಸೀಳಬಹುದು, ಅಂಟು ಬಿಡುವುದಿಲ್ಲ. ತೇಗದಲ್ಲಿ ಒಂದೇ ಎಚ್ಚರಿಕೆ. ಅದು ಎಣ್ಣೆಯ ಮರ, ಅಂಟಿಸುವ ಸ್ವಲ್ಪ ಮುಂಚೆ ಅಸಿಟೋನ್ ಅಥವಾ ಥಿನ್ನರ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಅದು ಆರಿದ ಕೂಡಲೇ ಅಂಟಿಸಿ. ಕ್ಲಾಂಪ್ ಬಿಗಿ ಮಾಡುವಾಗ ಪದರಗಳು ಸೋಪಿನ ಹಾಗೆ ಜಾರುತ್ತವೆ. ಹಸಿ ಅಂಟಿನ ಮೇಲೆ ನಾಲ್ಕೇ ಕಾಳು ಪುಡಿ ಉಪ್ಪು ಉದುರಿಸಿದರೆ ಹಲ್ಲು ಕಚ್ಚಿದಂತೆ ನಿಲ್ಲುತ್ತವೆ. ಒಳಗೆ ಸೋರಿದ ಅಂಟನ್ನು ತಕ್ಷಣ ಒರೆಸಬೇಡಿ, ಮೆತ್ತಿಕೊಳ್ಳುತ್ತದೆ. ರಬ್ಬರಿನ ಹದಕ್ಕೆ ಬಂದ ಮೇಲೆ ಉಳಿಯಿಂದ ಎಬ್ಬಿಸಿ. ಈ ದಾರಿಯ ಒಂದೇ ಕೊರತೆ ಅಂದರೆ ಪದರದ ಗೆರೆ ಕಾಣುತ್ತದೆ. ಮುಚ್ಚಿಡಲು ಹೋಗದೆ ನಡುವೆ ಬೇರೆ ಬಣ್ಣದ ಮರದ ತೆಳು ಪದರ ಇಟ್ಟುಬಿಡಿ, ಬೇಕಂತಲೇ ಮಾಡಿದ್ದು ಅನಿಸುತ್ತದೆ.

ಇಲ್ಲ, ಒಂದೇ ಮರದ ತುಂಡಿನಲ್ಲೇ ಎಳೆ ಸುತ್ತಲೂ ಓಡಬೇಕು, ಅದರ ಚೆಂದವೇ ಬೇರೆ ಅನ್ನುತ್ತೀರಾ? ಒಪ್ಪುತ್ತೇನೆ, ಬೇರೆಯೇ. ಮಾಡಬಹುದು. 9 ಅಥವಾ 12ನೇ ಬ್ಲೇಡು, ನಡುವಿನ ವೇಗ, ಒಂದು ಡಬ್ಬಿಗೆ ಎರಡು ಮೂರು ಬ್ಲೇಡು ಹೋಗುತ್ತದೆ ಅಂತ ಮೊದಲೇ ಒಪ್ಪಿಕೊಂಡು ಕೂರಬೇಕು. ಎಲೆಯ ತುದಿಯಲ್ಲಿ ಬ್ಲೇಡನ್ನು ನಿಂತಲ್ಲೇ ತಿರುಗಿಸಬೇಡಿ, ಅಲ್ಲೇ ಅದು ತಿರುಚಿಕೊಳ್ಳುವುದು. ತುದಿಯಲ್ಲಿ ಮೊದಲೇ 3 ಮಿ.ಮೀ. ತೂತು ಕೊರೆದಿಟ್ಟರೆ ಬ್ಲೇಡಿಗೆ ತಿರುಗಲು ಜಾಗ ಸಿಗುತ್ತದೆ. ಆ ತೂತನ್ನು ಕೈಯಲ್ಲಿ ಹಿಡಿದ ಡ್ರಿಲ್ಲಿನಿಂದ ಕೊರೆದರೆ ಕೆಳಗೆ ಬೇರೆಲ್ಲೋ ಹೊರಡುತ್ತದೆ, ಡ್ರಿಲ್ ಸ್ಟ್ಯಾಂಡ್ ಬೇಕು. ತಿರುವಿನಲ್ಲಿ ಆಗಾಗ ಒಂದು ಕ್ಷಣ ಕೈ ಸಡಿಲ ಬಿಡಿ. ಬಾಗಿದ ಬ್ಲೇಡು ತಾನಾಗಿಯೇ ನೆಟ್ಟಗಾಗುತ್ತದೆ, ಆಮೇಲೆ ಮುಂದುವರಿಯಿರಿ. ಈ ಒಂದು ಅಭ್ಯಾಸ ಕಲಿತವರಿಗೆ ಅರ್ಧ ತೊಂದರೆ ಕಡಿಮೆ. ಮತ್ತೆ, ಬ್ಲೇಡು ಮುರಿದಾಗ ಮೇಲಿನ ಮೊಂಡು ತುಂಡು ಕುಟ್ಟುತ್ತಲೇ ಇರುತ್ತದೆ, ಮಿಷನ್ ನಿಲ್ಲುವವರೆಗೆ ಅಲ್ಲಿಗೆ ಬೆರಳು ಒಯ್ಯಬೇಡಿ. ನನ್ನ ಹೆಬ್ಬೆರಳಿನಲ್ಲಿ ಅದರ ಗುರುತು ಇನ್ನೂ ಇದೆ.

ಮುಚ್ಚಳದ ಕಥೆಗೂ ಗರಗಸಕ್ಕೂ ಸಂಬಂಧವೇ ಇಲ್ಲ. ಅದು ಮರದ ಸ್ವಭಾವ. ಮರ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಆದರೆ ಅಗಲಕ್ಕೆ ಮಾತ್ರ. ಎಳೆ ಓಡುವ ಉದ್ದಕ್ಕೆ ಬದಲಾವಣೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಳೆಯ ಮರ, ಚೆನ್ನಾಗಿ ಒಣಗಿದ ಮರ ಅಲುಗಾಡಲ್ಲ ಅನ್ನುವುದು ಸುಳ್ಳು, ನೂರು ವರ್ಷದ ಬಾಗಿಲೂ ಹವೆ ಬದಲಾದಾಗ ಬಿಗಿಯಾಗುತ್ತದೆ. ತೇಗ ತಕ್ಕಮಟ್ಟಿಗೆ ಶಾಂತ ಮರ ಅಂತ ಹೆಸರು. ಆದರೂ 120 ಮಿ.ಮೀ. ಅಗಲದ ತೇಗದ ಮುಚ್ಚಳದ ತೇವ ನೂರಕ್ಕೆ 4ರಷ್ಟು ಬದಲಾದರೆ ಹತ್ತಿರ ಹತ್ತಿರ 1 ಮಿ.ಮೀ. ಹೆಚ್ಚುಕಡಿಮೆ ಆಗಬಹುದು. ಈಗ ಅದರ ಅಡಿಗೆ ನೀವು ಎಳೆ ಅಡ್ಡ ಇರುವ ತುಂಡು ಅಂಟಿಸಿದ್ದೀರಿ. ಮೇಲಿನದು ಹಿಗ್ಗಬೇಕು ಅನ್ನುತ್ತದೆ, ಕೆಳಗಿನದು ಜಪ್ಪಯ್ಯ ಅಂದರೂ ಅಲುಗಲ್ಲ. ಇಬ್ಬರ ಜಗಳದಲ್ಲಿ ಮುಚ್ಚಳ ದೋಣಿಯಾಯಿತು. ಅದರ ಮೇಲೆ ಹೊರಗೆ ಮಾತ್ರ ಪಾಲಿಶ್ ಹೊಡೆದಿರಿ, ಹಾಗಾಗಿ ಒಳಮುಖ ಒಂದೇ ತೇವ ಕುಡಿಯುತ್ತಾ ಬಿಡುತ್ತಾ ಇತ್ತು.

ಅಡ್ಡ ಎಳೆ ಗಟ್ಟಿ ಅನ್ನೋದು ಪ್ಲೈವುಡ್ಡಿಗೆ ನಿಜ, ಅಲ್ಲಿ ಪದರಗಳು ಕಾಗದದ ಹಾಗೆ ತೆಳು ಮತ್ತು ಎರಡೂ ಕಡೆ ಸಮ ಇರುತ್ತವೆ. ಗಟ್ಟಿ ಮರದ ದಪ್ಪ ತುಂಡುಗಳಿಗೆ ಅದೇ ಸೂತ್ರ ಹಾಕಿದರೆ ಕೈ ಕೊಡುತ್ತದೆ. ಶುರುವಿನಲ್ಲಿ ನಾನೂ ಒಂದು ಡಬ್ಬಿಗೆ ತಳವನ್ನು ಹೀಗೇ ಅಡ್ಡ ಎಳೆ ಅಂಟಿಸಿ ಕೊಟ್ಟಿದ್ದೆ. ಕೆಲವು ತಿಂಗಳಾದ ಮೇಲೆ ಸುಮ್ನೆ ಕಪಾಟಿನಲ್ಲಿದ್ದ ಡಬ್ಬಿ ರಾತ್ರಿ ಟಪ್ ಅಂತ ಸೀಳಿತಂತೆ, ತಗೊಂಡವರು ಬೇಸರದಿಂದ ತಂದು ತೋರಿಸಿದರು. ಗೋಡೆ, ತಳ, ಮುಚ್ಚಳ, ಅಡಿತುಂಡು ಎಲ್ಲದರ ಎಳೆಯೂ ಒಂದೇ ದಿಕ್ಕಿಗಿರಲಿ, ಹಿಗ್ಗಿದರೂ ಒಟ್ಟಿಗೆ ಹಿಗ್ಗುತ್ತವೆ. ಅಡಿತುಂಡಿಗೆ ಸುತ್ತಲೂ ಒಂದು ಮಿ.ಮೀ. ಸಡಿಲ ಬಿಡಿ. ಮರವನ್ನು ತಂದ ದಿನವೇ ಕೊಯ್ಯದೆ, ಕೆಲಸ ಮಾಡುವ ಕೋಣೆಯಲ್ಲೇ ಎರಡು ಮೂರು ವಾರ ಗಾಳಿಯಾಡುವಂತೆ ಇಡಿ.

ಪಾಲಿಶ್ ಒಳಗೂ ಹೊರಗೂ ಸಮನಾಗಿ ಕೊಡಿ. ಡಬ್ಬಿಯ ಒಳಗೆ ಅಗಸೆ ಎಣ್ಣೆ ಮಾತ್ರ ಹಚ್ಚಬೇಡಿ, ಮುಚ್ಚಿಟ್ಟ ಜಾಗದಲ್ಲಿ ಅದರ ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಅಲ್ಲಿಗೆ ಶೆಲ್ಯಾಕ್, ಅಂದರೆ ಅರಗಿನ ಪಾಲಿಶ್, ಸರಿ. ಹೊರಗೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗಡೆ ಹರವಿ ಒಣಗಿಸಿ. ಸ್ಕ್ರೋಲ್ ಸಾದ ಪುಡಿ ಬಹಳ ನಯ, ಗಾಳಿಯಲ್ಲೇ ತೇಲುತ್ತದೆ. ತೇಗದ ಪುಡಿ ಕೆಲವರಿಗೆ ಚರ್ಮ ತುರಿಸುತ್ತದೆ. ಮರದ ಪುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ, ಹಾಗಾಗಿ ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಹಾಕಿ.

ನಿಮ್ಮ ಹತ್ತಿರ ಉಳಿದ 2ನೇ ನಂಬರ್ ಬ್ಲೇಡುಗಳು ದಂಡವಲ್ಲ. ಮುಚ್ಚಳದ ಮೇಲೆ ಚಿತ್ರ ಕೂರಿಸಲು ಅವೇ ಬೇಕು. ಎರಡು ಬಣ್ಣದ ತೆಳು ಹಲಗೆಗಳನ್ನು ಒಂದರ ಮೇಲೊಂದು ಇಟ್ಟು, ಟೇಬಲನ್ನು ಬೇಕಂತಲೇ 3ರಿಂದ 5 ಡಿಗ್ರಿ ವಾಲಿಸಿ, ಪೂರ್ತಿ ಒಂದೇ ದಿಕ್ಕಿನಲ್ಲಿ ಸುತ್ತಿ ಕೊಯ್ದರೆ, ಒಂದು ಹಲಗೆಯ ತುಂಡು ಇನ್ನೊಂದರ ರಂಧ್ರದಲ್ಲಿ ಸೀಳಿನ ಗೆರೆಯೂ ಕಾಣದಂತೆ ಬಿಗಿಯಾಗಿ ಕೂರುತ್ತದೆ. ಡಬ್ಬಿಯ ಗೋಡೆ ಕೆಡಿಸಿದ ಅದೇ ಓರೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡು ವಸ್ತುವನ್ನು ಜೋಡಿಸಿ ಒಟ್ಟಿಗೆ ಕೊಯ್ಯುವ ಯುಕ್ತಿ ಹಳೆಯದು. ಫ್ರಾನ್ಸಿನ ಪೀಠೋಪಕರಣ ಕುಶಲಕರ್ಮಿ ಆಂದ್ರೆ ಷಾರ್ಲ್ ಬೂಲ್ (1642-1732) ಹಿತ್ತಾಳೆ ಮತ್ತು ಆಮೆಚಿಪ್ಪನ್ನು ಹೀಗೆ ಕೊಯ್ದೇ ಹೆಸರಾದವನು.

ಈಗ ನಿಮ್ಮ ಮೂರು ಡಬ್ಬಿಗಳು. ಎಸೆದಿಲ್ಲ ತಾನೇ? ಸೀಳಿದ್ದು ಎಳೆಯ ಗುಂಟ ಸೀಳಿದ್ದರೆ ಅಂಟು ಹಾಕಿ ಕ್ಲಾಂಪ್ ಮಾಡಿ, ಗೆರೆ ಕೂಡ ಕಾಣಲ್ಲ. ಬಾಗಿದ ಮುಚ್ಚಳದ ಅಡಿತುಂಡನ್ನು ಉಳಿಯಿಂದ ಪೂರ್ತಿ ಕೆತ್ತಿ ತೆಗೆದು, ಎರಡು ಕಡ್ಡಿಗಳ ಮೇಲೆ ಗಾಳಿಯಾಡುವಂತೆ ಎರಡು ವಾರ ಇಡಿ, ಮೇಲೆ ಭಾರ ಹೇರಬೇಡಿ. ಬಹಳಷ್ಟು ಸಲ ತಾನೇ ಚಪ್ಪಟೆಯಾಗುತ್ತದೆ, ಆಗ ಎಳೆ ಹೊಂದಿಸಿ ಹೊಸ ತುಂಡು ಹಾಕಿ. ಒಳತುಂಡು ಸಿಕ್ಕಿಹಾಕಿಕೊಂಡಿರುವುದಕ್ಕೆ ಸುತ್ತಿಗೆ ಬೇಡ. ಆ ಒಳತುಂಡಿನ ನಡುವೆಯೇ ಒಂದು ತೂತು ಕೊರೆದು, ಬ್ಲೇಡು ತೂರಿಸಿ, ಅಂಚಿನವರೆಗೆ ಎರಡು ಗೆರೆ ಕೊಯ್ದು ಒಂದು ಹೋಳು ತೆಗೆಯಿರಿ. ಉಳಿದದ್ದು ಸಡಿಲವಾಗಿ ಒಳಕ್ಕೆ ಸರಿದು ಕೈಗೆ ಬರುತ್ತದೆ. ಗೋಡೆಯ ಒಳಗಿನ ಉಬ್ಬುತಗ್ಗನ್ನು ದುಂಡನೆಯ ಕಟ್ಟಿಗೆಗೆ 80ರ ಉಪ್ಪು ಕಾಗದ ಸುತ್ತಿ ಉಜ್ಜಿ.